ಸ್ಕಾಲರ್‌ಶಿಪ್ ಕಡಿಮೆ ಬಂದದ, ಯಾರನ್ನ ಕೇಳಬೇಕ್ರಿ?

ಪ್ರಶ್ನೆ: ಮಗಳು ಕಲಬುರಗಿಯೊಳಗ ಬಿ.ಇ. ಎರಡನೇ ವರ್ಷ ಓದ್ಲಿಕತ್ತಾಳ. ನಮ್ಮದು ಪರಿಶಿಷ್ಟ ಜಾತಿ, ಆದಾಯ ಎರಡೂವರೆ ಲಕ್ಷದ ಒಳಗದ. ಕಾಲೇಜಿನ ಹಾಸ್ಟೆಲ್‌ನ್ಯಾಗ ರೊಕ್ಕ ಕಟ್ಟಿ ಇರ್ತಾಳ. ಹೋದ ವರ್ಷ ಖರ್ಚಿನ ಭತ್ಯೆ ಎರಡು ಕಂತು ಸೇರಿ 13,500 ಬಂದಿತ್ತು. ಈ ಸಲ 2,800 ಅಷ್ಟೇ ಬಿದ್ದದ. ಕಾಲೇಜಿನವರು ಇಲಾಖೆಗೆ ಹೋಗ್ರಿ ಅಂತಾರ, ಇಲಾಖೆಯವರು ಕಾಲೇಜಿಗೆ ಹೋಗ್ರಿ ಅಂತಾರ. ಏನ್ ಮಾಡಬೇಕು?
– ಚಿತ್ತಾಪುರ ತಾಲ್ಲೂಕಿನ ಓದುಗರು

ಉತ್ತರ: 2,800 ಎಂಬ ಅಂಕಿಯೇ ಅರ್ಧ ಉತ್ತರ ಹೇಳುತ್ತಿದೆ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ರಾಜ್ಯದ ಪಾಲು ಶೇ. 40, ಕೇಂದ್ರದ ಪಾಲು ಶೇ. 60. ರಾಜ್ಯದ ಪಾಲು ಮೊದಲು ಬರುತ್ತದೆ, ಕೇಂದ್ರದ್ದು ಆಮೇಲೆ ನೇರ ಖಾತೆಗೆ ಬೀಳುತ್ತದೆ. ಭತ್ಯೆಯ ದರಕ್ಕಾಗಿ ಕೋರ್ಸುಗಳನ್ನು ಗುಂಪುಗಳಾಗಿ ವಿಂಗಡಿಸಿದ್ದಾರೆ, ಬಿ.ಇ. ಮೊದಲ ಗುಂಪಿನ ಕೋರ್ಸು. ಇದಕ್ಕೆ ಹಾಸ್ಟೆಲ್‌ನಲ್ಲಿರುವವರಿಗೆ ವರ್ಷಕ್ಕೆ 13,500, ಮನೆಯಿಂದ ಓಡಾಡುವವರಿಗೆ 7,000. ಈಗ ಗುಣಿಸಿ ನೋಡಿ. 13,500ರ ಶೇ. 40 ಎಂದರೆ 5,400. 7,000ದ ಶೇ. 40 ಎಂದರೆ 2,800. ನಿಮ್ಮ ಮಗಳನ್ನು ಈ ವರ್ಷ ಮನೆಯಿಂದ ಓಡಾಡುವವಳು ಎಂದು ಲೆಕ್ಕ ಹಿಡಿದಿದ್ದಾರೆ, ಅದರಲ್ಲೂ ರಾಜ್ಯದ ಪಾಲು ಮಾತ್ರ ಬಂದಿದೆ.

ಅಂದರೆ ಇಲ್ಲಿ ಒಂದಲ್ಲ, ಎರಡು ಕೊರತೆ ಇವೆ. ಕೇಂದ್ರದ ಪಾಲು 4,200 ಸುಮ್ಮನೆ ಕುಳಿತರೂ ತಡವಾಗಿ ಬರುವಂಥದ್ದು. ಇನ್ನೊಂದು, ದರ ತಪ್ಪಿದ್ದರಿಂದ ಬಿದ್ದ 6,500 ರೂಪಾಯಿಯ ಕತ್ತರಿ. ಇದು ಎಷ್ಟು ದಿನ ಕಾದರೂ ತಾನಾಗಿ ಬರುವುದಿಲ್ಲ. ಕೌಂಟರಿಗೆ ಹೋಗಿ ‘ಯಾಕ್ರೀ ಕಡಿಮೆ ಬಂದದ’ ಎಂದು ಕೇಳಿದರೆ ಗುಮಾಸ್ತರು ‘ಸೆಂಟ್ರಲ್ ಶೇರ್ ಬರೋದದ, ಕಾಯ್ರಿ’ ಎಂದು ಕಳಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಿಮ್ಮ ಪ್ರಶ್ನೆಯೇ ಎರಡನ್ನೂ ಕಲಸಿಬಿಟ್ಟಿರುತ್ತದೆ. ಆದ್ದರಿಂದ 4,200ರ ಮಾತೇ ಎತ್ತಬೇಡಿ. ‘ಹಾಸ್ಟೆಲ್ ದರ ಹಾಕಿಲ್ಲ’ ಎಂದಷ್ಟೇ ಹೇಳಿ.

ಮೊದಲ ಕೆಲಸ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎಸ್‌ಎಸ್‌ಪಿ) ಮಗಳ ಲಾಗಿನ್‌ನಿಂದ ಈ ವರ್ಷದ ಅರ್ಜಿಯ ಪ್ರತಿ ತೆಗೆಸಿ. ಹಾಸ್ಟೆಲ್ ವಿವರದ ಜಾಗದಲ್ಲಿ ಏನಿದೆ ನೋಡಿ. ಅರ್ಜಿ ಪ್ರತಿ ವರ್ಷ ಹೊಸದಾಗಿ ತುಂಬಬೇಕು. ಹೋದ ವರ್ಷ ಹಾಸ್ಟೆಲ್ ಎಂದು ಬರೆದಿದ್ದು ಈ ವರ್ಷಕ್ಕೆ ಲೆಕ್ಕಕ್ಕಿಲ್ಲ. ಆನ್‌ಲೈನ್ ಸೆಂಟರಿನಲ್ಲಿ ಇಪ್ಪತ್ತು ಜನ ಸಾಲಲ್ಲಿ ನಿಂತಾಗ ತಪ್ಪುವುದು ಈ ಜಾಗವೇ. ಅಲ್ಲಿ ಹಾಸ್ಟೆಲ್ ಎಂದೇ ಇದ್ದರೆ, ಕಾಲೇಜಿನ ಪರಿಶೀಲನೆಯಲ್ಲೋ ಮುಂದಿನ ಹಂತದಲ್ಲೋ ಬಿಟ್ಟುಹೋಗಿದೆ. ಇಲ್ಲ ಎಂದಿದ್ದರೆ ತಪ್ಪು ನಿಮ್ಮ ಕಡೆಯದು. ಆಗ ಪತ್ರದಲ್ಲಿ ಜಗಳದ ಧಾಟಿ ಬೇಡ, ತಿದ್ದುಪಡಿ ಕೋರಿ.

ಪತ್ರ ಪ್ರಾಂಶುಪಾಲರ ಹೆಸರಿಗಿರಲಿ, ಒಂದು ಪುಟ ದಾಟದಿರಲಿ. ಒಕ್ಕಣೆ ಹೀಗಿದ್ದರೆ ಸಾಕು: ‘ನಾನು ಇಂಥ ದಿನಾಂಕದಿಂದ ಕಾಲೇಜಿನ ಹಾಸ್ಟೆಲ್‌ನಲ್ಲಿ ವಾಸವಿದ್ದು, ಎಸ್‌ಎಸ್‌ಪಿ ಅರ್ಜಿ ಸಂಖ್ಯೆ ಇಂಥದ್ದಕ್ಕೆ 13,500ರ ಬದಲು 7,000ದ ದರದಲ್ಲಿ ರಾಜ್ಯದ ಪಾಲು 2,800 ಜಮೆಯಾಗಿರುತ್ತದೆ. ಹಾಸ್ಟೆಲ್‌ವಾಸವನ್ನು ದೃಢೀಕರಿಸಿ, ವ್ಯತ್ಯಾಸದ ಮೊತ್ತ ಮಂಜೂರು ಮಾಡಲು ಸಮಾಜ ಕಲ್ಯಾಣ ಇಲಾಖೆಗೆ ಶಿಫಾರಸು ಮಾಡಬೇಕಾಗಿ ವಿನಂತಿ.’ ಜೊತೆಗೆ ವಾರ್ಡನ್ ಸಹಿಯ ವಾಸ ದೃಢೀಕರಣ (ಸೇರಿದ ದಿನಾಂಕ ಇರಲೇಬೇಕು), ಹಾಸ್ಟೆಲ್ ಶುಲ್ಕದ ರಸೀದಿ, ಅರ್ಜಿಯ ಪ್ರತಿ, 2,800 ಜಮೆಯಾದ ಪಾಸ್‌ಬುಕ್ ಪುಟ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆವಕ ಸಂಖ್ಯೆ ಮತ್ತು ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಪತ್ರ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಕಾಲೇಜು ಮುಂದಕ್ಕೆ ಕಳಿಸಿದ ಪತ್ರದ ಸಂಖ್ಯೆ ಸಿಕ್ಕ ಮೇಲೆ ಅದನ್ನು ಹಿಡಿದು ತಾಲ್ಲೂಕು ಸಮಾಜ ಕಲ್ಯಾಣ ಕಚೇರಿಗೆ ಹೋಗಿ. ಅಲ್ಲಿ ಅಲುಗಾಡದಿದ್ದರೆ ಜಿಲ್ಲೆಯ ಜಂಟಿ ನಿರ್ದೇಶಕರಿಗೆ ಬರೆಯಿರಿ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ. ಫೆಬ್ರವರಿಯೊಳಗೆ ಕಾಗದ ಮೇಜು ಸೇರಿದರೆ ಒಳ್ಳೆಯದು.

ಎರಡೂ ಕಡೆ ಚೆಂಡಾಟ ಮುಂದುವರಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ‘ಯಾಕೆ ಕೊಟ್ಟಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕಬಹುದು. ‘ಇಂಥ ಸಂಖ್ಯೆಯ ಪತ್ರದ ಮೇಲೆ ಕೈಗೊಂಡ ಕ್ರಮ ಮತ್ತು ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಕೇಳಿ.

ಒಂದು ಎಚ್ಚರಿಕೆ. ಊಟ, ವಸತಿ ಉಚಿತವಿರುವ ಸರ್ಕಾರಿ ಹಾಸ್ಟೆಲ್‌ನ ಮಕ್ಕಳು ಈ 13,500ರ ದರ ಹಿಡಿದು ವಾದಿಸಲು ಬರುವುದಿಲ್ಲ. ಹಾಗೆಯೇ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮೂರನೇ ಗುಂಪು: ಹಾಸ್ಟೆಲ್‌ಗೆ 6,000, ಓಡಾಡುವವರಿಗೆ 3,000. ಬಿ.ಇ. ಗೆಳತಿಗೆ ಬಂದಿದ್ದನ್ನು ನೋಡಿ ಬಿ.ಎ. ಹುಡುಗಿ ದೂರು ಬರೆದರೆ ಕಾಗದ ವ್ಯರ್ಥ.

ಪ್ರಶ್ನೆ: ನಾವು ಪ್ರವರ್ಗ 2ಎ. ಹಳೆಯ ಪ್ರಮಾಣಪತ್ರದಲ್ಲಿ ಆದಾಯ 88,000 ಇತ್ತು, ಅವಧಿ ಮುಗಿದು ಹೊಸದು ಮಾಡಿಸಿದಾಗ 1,20,000 ಬರೆದಿದ್ದಾರೆ. ಮಗನ ಶುಲ್ಕ ವಿನಾಯಿತಿ ನಿಂತಿದೆ. ಕಾಲೇಜಿನವರು ಸರಿಪಡಿಸಬಹುದೇ?
– ಭಾಲ್ಕಿಯ ಓದುಗರು

ಉತ್ತರ: ಕಾಲೇಜಿನ ಕೈಯಲ್ಲಿ ಏನೂ ಇಲ್ಲ. ನೀವು ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದ ಕೂಡಲೇ ಪೋರ್ಟಲ್ ಆದಾಯವನ್ನು ನಾಡಕಚೇರಿಯ ದಾಖಲೆಯಿಂದಲೇ ಎಳೆದುಕೊಳ್ಳುತ್ತದೆ. ಪ್ರವರ್ಗ 1ಕ್ಕೆ ಮಿತಿ ಎರಡೂವರೆ ಲಕ್ಷ, 2ಎ, 3ಎ, 3ಬಿಗೆ ಒಂದು ಲಕ್ಷ. ಕಲ್ಯಾಣ ಕರ್ನಾಟಕದವರಿಗೆ ಸಿಗುವ 371ಜೆ ಪ್ರಮಾಣಪತ್ರ ಸೀಟಿಗೆ, ನೌಕರಿಗೆ ಉಪಯೋಗ. ಅದರಿಂದ ಈ ಮಿತಿ ಸಡಿಲವಾಗದು.

ಹೊಲ ಕಡಿಮೆಯಾಗಿದ್ದರೆ, ದುಡಿಯುವವರು ತೀರಿಕೊಂಡಿದ್ದರೆ, ಕೆಲಸ ಹೋಗಿದ್ದರೆ ಪಹಣಿ, ಮರಣ ಪ್ರಮಾಣಪತ್ರ, ಕೆಲಸ ಬಿಟ್ಟ ಪತ್ರ ಇಟ್ಟು ತಹಶೀಲ್ದಾರರಿಗೆ ಮರುಪರಿಶೀಲನೆ ಕೇಳಿ. ಒಪ್ಪದಿದ್ದರೆ 30 ದಿನದೊಳಗೆ ಸಹಾಯಕ ಆಯುಕ್ತರಿಗೆ ಮೇಲ್ಮನವಿ. ಸಾಕ್ಷಿ ಇಲ್ಲದೆ ‘ಒಂದು ಲಕ್ಷದ ಒಳಗೆ ಮಾಡಿಕೊಡ್ರಿ’ ಎಂದು ಏಜೆಂಟರ ಬೆನ್ನು ಹತ್ತಬೇಡಿ. ಮುಂದೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವನು ಮಗ.

ಪ್ರಶ್ನೆ: ಪೋರ್ಟಲ್‌ನಲ್ಲಿ ಹಣ ಪಾವತಿಯಾಗಿದೆ ಅಂತ ತೋರಿಸ್ತದ, ನನ್ನ ಖಾತೆಗೆ ಬಂದಿಲ್ಲ. ಕಾಲೇಜಿನವರು ಅರ್ಧ ತಿಂದಾರೇನು?
– ಶಹಾಪುರದ ವಿದ್ಯಾರ್ಥಿ

ಉತ್ತರ: ಆ ಅನುಮಾನಕ್ಕೆ ಮೊದಲು ಬೇರೆ ಖಾತೆ ಹುಡುಕಿ. ಈ ಹಣ ಹೋಗುವುದು ನಿಮ್ಮ ಕೈಯಲ್ಲಿರುವ ಪಾಸ್‌ಬುಕ್ಕಿಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಸಿಮ್ ಕೊಳ್ಳುವಾಗ ಮೊಬೈಲ್ ಅಂಗಡಿಯಲ್ಲಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ, ದುಡಿಯಲು ಬೆಂಗಳೂರಿಗೋ ಪುಣೆಗೋ ಹೋದಾಗ ತೆರೆದ ಖಾತೆ ಬಹಳ ಸಲ ಹೀಗೆ ಜೋಡಣೆ ಕಸಿದುಕೊಂಡಿರುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ಬ್ಯಾಂಕ್ ಜೋಡಣೆ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಸಿಗುತ್ತದೆ. ಹಣ ಅಲ್ಲೇ ಇದ್ದೀತು. ಬೇಕಾದ ಬ್ಯಾಂಕಿಗೆ ಬದಲಿಸಲು ಆ ಶಾಖೆಯಲ್ಲಿ ಆಧಾರ್ ಜೋಡಣೆ ಒಪ್ಪಿಗೆ ಪತ್ರ ಕೊಡಿ. ಬರೀ ಕೆವೈಸಿ ಮಾಡಿಸಿದರೆ ಜೋಡಣೆ ಆಗುವುದಿಲ್ಲ. ಇವೆರಡೂ ಒಂದೇ ಎಂದು ಕೌಂಟರಿನಲ್ಲಿ ಹೇಳಿದರೂ ಒಪ್ಪಬೇಡಿ.

ಪ್ರಶ್ನೆ: ಪರಿಶಿಷ್ಟ ಜಾತಿಯ ವಿದ್ಯಾರ್ಥಿ, ಬೀದರ್‌ನಲ್ಲಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು. ಗೆಳೆಯರಿಗೆ ಶುಲ್ಕ ವಾಪಸ್ ಬಂದಿದೆ, ನನಗಿಲ್ಲ.
– ಹುಮನಾಬಾದ್‌ನ ಓದುಗರು

ಉತ್ತರ: ಮ್ಯಾನೇಜ್‌ಮೆಂಟ್ ಕೋಟಾದ ಶುಲ್ಕ ಮರುಪಾವತಿ ಈ ಯೋಜನೆಯಲ್ಲಿ ಇಲ್ಲ. ಸೀಟು ಹಂಚಿಕೆ ಪತ್ರ ತೆಗೆದು ಕೋಟಾ ಯಾವುದೆಂದು ಒಮ್ಮೆ ಓದಿ. ಸರ್ಕಾರಿ ಕೋಟಾ ಎಂದಿದ್ದು ಪೋರ್ಟಲ್‌ನಲ್ಲಿ ಮ್ಯಾನೇಜ್‌ಮೆಂಟ್ ಎಂದು ನಮೂದಾಗಿದ್ದರೆ ಮಾತ್ರ ಆ ಪತ್ರದ ಪ್ರತಿಯೊಂದಿಗೆ ಕಾಲೇಜಿಗೆ ತಿದ್ದುಪಡಿ ಅರ್ಜಿ ಕೊಡಿ.