ಕೈತೋಟದ ಪ್ರಶ್ನೋತ್ತರ: ಚಿಗುರು ಬಂದಾಗ ಕತ್ತರಿ ಕೆಳಗಿಡಿ

ಫಾಲ್ಗುಣ ಮುಗಿದು ಚೈತ್ರ ಕಾಲಿಡುವ ಈ ದಿನಗಳಲ್ಲಿ ನಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಈಗ ಏನು ಮಾಡಬೇಕು’ ಎಂದೇ ಮುಗಿಯುತ್ತವೆ. ಈ ಸಲದ ಉತ್ತರಗಳಲ್ಲಿ ‘ಸದ್ಯಕ್ಕೆ ಏನೂ ಮಾಡಬೇಡಿ’ ಎಂಬ ಮಾತು ಮೇಲಿಂದ ಮೇಲೆ ಬಂದಿದ್ದರೆ ಅದನ್ನು ಸೋಮಾರಿತನವೆಂದು ತಿಳಿಯಬಾರದು. ವಸಂತದಲ್ಲಿ ತೋಟದ ಕೆಲಸದ ದೊಡ್ಡ ಪಾಲು ನಿಜಕ್ಕೂ ಕೈಕಟ್ಟಿ ನಿಂತು ನೋಡುವುದೇ ಆಗಿದೆ.

ಪ್ರಶ್ನೆ: ವಸಂತವೆಂದರೆ ಹೂವು ಎಂದು ಓದಿಕೊಂಡು ಬೆಳೆದವಳು ನಾನು. ನಮ್ಮ ಮನೆಯ ಮುಂದಿನ ಹೊಂಗೆಯೋ ಸಂಕ್ರಾಂತಿ ಕಳೆದಂದಿನಿಂದ ಎಲೆ ಉದುರಿಸುತ್ತಲೇ ಇದೆ. ದಿನಕ್ಕೆರಡು ಬುಟ್ಟಿ ಗುಡಿಸಿದರೂ ಮುಗಿಯದು. ಕೊಂಬೆ ಕಡಿಸಿಬಿಡಿ ಎಂದು ಪಕ್ಕದ ಮನೆಯವರು ಒತ್ತಾಯಿಸುತ್ತಿದ್ದಾರೆ. ಮರಕ್ಕೆ ಏನಾದರೂ ರೋಗವೇ? – ಓದುಗರು, ಬೆಂಗಳೂರು

ಉತ್ತರ: ರೋಗವಲ್ಲ, ವಸಂತವೇ ಬಂದಿದೆ. ನಮ್ಮ ಸೀಮೆಯ ವಸಂತ ಹಿಮ ಕರಗಿ ನೆಲ ಒದ್ದೆಯಾದಾಗ ಬರುವಂಥದ್ದಲ್ಲ, ಹಿಂಗಾರು ಮಳೆಯ ತೇವ ಆರುತ್ತಾ ಹೋಗಿ ನೆಲ ಬಿರಿಯುವ ಹೊತ್ತಿಗೆ ಬರುವಂಥದ್ದು. ಹಳೆಯ ಎಲೆಗಳನ್ನು ಹೊತ್ತು ನಿಂತರೆ ಅವುಗಳ ಮೂಲಕ ಆವಿಯಾಗಿ ಹೋಗುವ ನೀರೇ ಮರಕ್ಕೆ ಭಾರವಾಗುತ್ತದೆಯಾದ್ದರಿಂದ ಹೊಂಗೆ ಅವನ್ನು ಕಳಚಿಹಾಕುತ್ತದೆ. ಅನಂತರ ಆಳದ ಬೇರು ಎತ್ತಿಕೊಟ್ಟ ನೀರಿನಿಂದಲೂ ಕಾಂಡದಲ್ಲಿ ಕೂಡಿಟ್ಟುಕೊಂಡ ಆಹಾರದಿಂದಲೂ, ಒಂದು ಹನಿ ಮಳೆಗೂ ಕಾಯದೆ, ಎಣ್ಣೆ ಸವರಿದಂತೆ ಮಿರುಗುವ ಎಳೆ ಹಸಿರನ್ನು ಮೈತುಂಬ ಹೊದ್ದುಕೊಳ್ಳುತ್ತದೆ. ಮರ ತನ್ನ ಗಂಟನ್ನು ಬಿಚ್ಚಿ ಖರ್ಚು ಮಾಡುತ್ತಿರುವ ಈ ದಿನಗಳಲ್ಲೇ ಕೊಂಬೆ ಕಡಿಸಿದರೆ ಆ ಖರ್ಚೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಪಕ್ಕದ ಮನೆಯವರಿಗೆ ಇನ್ನೊಂದೆರಡು ತಿಂಗಳು ತಾಳಿಕೊಳ್ಳಲು ಹೇಳಿ. ಏಪ್ರಿಲ್ ಬಿಸಿಲಿನಲ್ಲಿ ಅವರೇ ತಮ್ಮ ಕಾರನ್ನು ತಂದು ಆ ನೆರಳಿಗೆ ನಿಲ್ಲಿಸುತ್ತಾರೆ.

ಹೂವೇ ವಸಂತವೆಂಬ ಭಾವನೆ ಬೆಂಗಳೂರಿನವರಲ್ಲಿ ಬೇರೂರಿದ್ದರೆ ಅದಕ್ಕೆ ಕಾರಣವೂ ಇದೆ. ಫೆಬ್ರುವರಿ, ಮಾರ್ಚ್‌ನಲ್ಲಿ ರಸ್ತೆಗಳನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವ ಟಬೆಬುಯಾ ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಮರ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಅವರು ಒಂದಾದ ಮೇಲೊಂದು ಜಾತಿಯ ಮರ ಹೂಬಿಡುತ್ತಾ ನಗರ ವರ್ಷವಿಡೀ ಅರಳಿರಬೇಕೆಂದು ಬಯಸಿದರು. ಆ ಸೊಗಸನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಮನೆಯಂಗಳದ ಸೊಗಸನ್ನು ನೋಡಲು ಸ್ವಲ್ಪ ಹತ್ತಿರ ಹೋಗಬೇಕು. ನಿಮ್ಮ ಅಂಗಳದಲ್ಲೋ ಪಕ್ಕದಲ್ಲೋ ಮಾವಿನ ಮರವಿದ್ದರೆ ಹೊಸ ಚಿಗುರನ್ನು ಎರಡು ಬೆರಳಿನ ನಡುವೆ ಹಿಡಿದು ನೋಡಿ: ತಾಮ್ರದ ಬಣ್ಣ, ತೊಳೆದು ಹಿಂಡಿದ ಬಟ್ಟೆಯಂತೆ ಜೋತುಬಿದ್ದ ಮೈ, ಮಡಿಚಿದರೂ ಮುರಿಯದಷ್ಟು ಮೆದು. ಎಲೆಯ ಹಸಿರು ಇನ್ನೂ ಕೂಡಿರದ ಈ ದಿನಗಳಲ್ಲಿ ಆ ಕೆಂಪು ವರ್ಣದ್ರವ್ಯ ಎಲೆಯನ್ನು ಚುರುಕು ಬಿಸಿಲಿನಿಂದ ಕಾಪಾಡುತ್ತದೆ. ಎರಡು ಮೂರು ವಾರಗಳಲ್ಲಿ ಅದೇ ಎಲೆ ಬಿರುಸಾಗಿ, ತಲೆಯೆತ್ತಿ, ತೋರಣಕ್ಕೆ ಒದಗುತ್ತದೆ.

ಗುಡಿಸಿದ ಎಲೆಯನ್ನು ಸುಡಬೇಡಿ, ಕಸದ ಗಾಡಿಗೂ ಹಾಕಬೇಡಿ. ಕುಂಡಗಳ ಮಣ್ಣಿನ ಮೇಲೆ ಮೂರು ಬೆರಳು ದಪ್ಪಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ಬೇಗ ಆರುವುದಿಲ್ಲ. ಇನ್ನು ಕೆಲವೇ ವಾರಗಳಲ್ಲಿ ಹೊಂಗೆಯ ನಸುನೇರಳೆ ಬೆರೆತ ಬಿಳಿ ಹೂಗಳು ಅರಳು ಚೆಲ್ಲಿದಂತೆ ಅಂಗಳದ ತುಂಬ ಬೀಳುತ್ತವೆ. ಅವನ್ನೂ ಗುಡಿಸಿ ಗೊಬ್ಬರದ ಗುಂಡಿಗೆ ಸೇರಿಸಿ.

ಪ್ರಶ್ನೆ: ತಾರಸಿಯ ಕುಂಡದಲ್ಲಿ ದುಂಡುಮಲ್ಲಿಗೆ ಇದೆ. ವಾರಕ್ಕೊಮ್ಮೆ ಕಡಲೆಹಿಂಡಿ ನೆನೆಸಿದ ನೀರು ಕೊಡುತ್ತೇನೆ. ಎಲೆ ದಟ್ಟವಾಗಿದೆ, ಮೊಗ್ಗೇ ಇಲ್ಲ. – ಓದುಗರು, ಮೈಸೂರು

ಉತ್ತರ: ನೀವು ಗಿಡಕ್ಕೆ ಉಣಬಡಿಸಿದ್ದು ಹೆಚ್ಚಾಗಿದೆ. ಹಿಂಡಿಯಲ್ಲಿ ಸಾರಜನಕ ಜಾಸ್ತಿ ಇರುವುದರಿಂದ ಗಿಡ ಎಲೆಯ ಮೇಲೆ ಎಲೆ ಬಿಡುತ್ತದೆಯೇ ಹೊರತು ಮೊಗ್ಗಿನ ಯೋಚನೆ ಮಾಡುವುದಿಲ್ಲ. ಹಿಂಡಿಯ ನೀರನ್ನು ಸದ್ಯಕ್ಕೆ ನಿಲ್ಲಿಸಿ, ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗಕ್ಕೆ ಕುಂಡವನ್ನು ಸರಿಸಿ. ಮಲ್ಲಿಗೆ ಮೊಗ್ಗು ಕೂರುವುದು ಹೊಸ ಕುಡಿಯಲ್ಲಿ. ಹೊಸ ಕುಡಿ ಹೇರಳವಾಗಿ ಬರಬೇಕಾದರೆ ಕತ್ತರಿಗೆ ಕೆಲಸ ಕೊಡಬೇಕಾದದ್ದು ಧನುರ್ಮಾಸದ ಆಸುಪಾಸಿನಲ್ಲಿ. ಆಗ ಕೆಲವು ದಿನ ನೀರನ್ನು ಕಡಿಮೆ ಮಾಡಿ, ಬುಡದಿಂದ ಒಂದೂವರೆ ಅಡಿ ಎತ್ತರಕ್ಕೆ ಎಲ್ಲ ಕೊಂಬೆಗಳನ್ನು ಸವರಿ, ಉಳಿದ ಎಲೆಗಳನ್ನೂ ಕಿತ್ತು, ಅನಂತರ ಗೊಬ್ಬರ ಹಾಕಿ ನೀರೂಡಿಸುವುದು ಬೆಳೆಗಾರರ ಪದ್ಧತಿ. ಈಗ ಅಷ್ಟು ಕೆಳಗೆ ಕತ್ತರಿಸಿದರೆ ಈ ಋತುವಿನ ಹೂವು ಕೈತಪ್ಪುತ್ತದೆ. ಕುಡಿಗಳ ತುದಿಯನ್ನಷ್ಟೇ ಉಗುರಿನಲ್ಲಿ ಚಿವುಟಿ ಬಿಡಿ, ಹೂವು ಮುಗಿದ ಪ್ರತಿ ಸಲವೂ ಹಾಗೆಯೇ ಮಾಡಿ. ಮೊಗ್ಗನ್ನು ಬೆಳಗಿನ ಜಾವ ಬಿಡಿಸಿಟ್ಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ತಾನಾಗಿ ಬಿರಿಯುತ್ತದೆ.

ಪ್ರಶ್ನೆ: ಹಿತ್ತಲಿನ ಕಸಿ ಮಾವು ಈ ವರ್ಷ ಮೈತುಂಬ ಹೂ ಬಿಟ್ಟಿತು. ಈಗ ಹೂಗೊಂಚಲು ಕಪ್ಪಾಗಿ ಉದುರುತ್ತಿದೆ, ಕೆಳಗಿನ ಎಲೆಗಳೆಲ್ಲ ಅಂಟು. ಔಷಧಿ ಸಿಂಪಡಿಸಲೇ? – ಓದುಗರು, ರಾಮನಗರ

ಉತ್ತರ: ಮೊದಲು ಸಮಾಧಾನದ ಮಾತು. ಮಾವಿನ ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ ಹೂಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಬರಿಯ ಗಂಡು ಹೂಗಳು. ನೂರರಲ್ಲಿ ಒಂದು ಹೂವು ಕಾಯಾಗಿ ನಿಂತರೂ ಕೊಂಬೆ ಹೊರಲಾರದು. ಆದ್ದರಿಂದ ಹೂವು ಉದುರುವುದೇ ನಿಯಮ, ನಿಲ್ಲುವುದು ಅಪವಾದ.

ಅಂಟಿನ ವಿಷಯ ಬೇರೆ. ಗೊಂಚಲನ್ನು ಮೆಲ್ಲನೆ ಅಲುಗಿಸಿ ನೋಡಿ. ಬೆಣೆಯಾಕಾರದ ಬೂದುಗಂದು ಹುಳುಗಳು ಚಟಪಟನೆ ಸಿಡಿದರೆ ಅದು ಜಿಗಿಹುಳು. ಅದು ಹೂದೇಟಿನ ರಸ ಹೀರಿ ಹೊರಹಾಕುವ ಸಿಹಿ ಅಂಟೇ ಎಲೆಯ ಮೇಲೆ ಬಿದ್ದು, ಅದರ ಮೇಲೆ ಮಸಿಯಂಥ ಶಿಲೀಂಧ್ರ ಬೆಳೆಯುತ್ತದೆ. ಹೂವಿನ ಮೇಲೆ ವಿಭೂತಿ ಎರಚಿದಂತೆ ಬಿಳಿ ಪುಡಿ ಕಂಡರೆ ಅದು ಬೂದಿರೋಗ. ರಾತ್ರಿ ತಂಪು, ಹಗಲು ಮೋಡವಿದ್ದ ವರ್ಷ ಇದರ ಕಾಟ ಹೆಚ್ಚು. ಇವೆರಡಕ್ಕೂ ಸಿಂಪಡಣೆ ಉಂಟು, ಆದರೆ ಅದು ಹೂಗೊಂಚಲು ಹೊರಟು ಇನ್ನೂ ಅರಳದಿರುವಾಗ, ಮತ್ತೆ ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ. ಹೂವು ಅರಳಿರುವಾಗ ಏನನ್ನೂ ಸಿಂಪಡಿಸಬೇಡಿ. ಮಾವಿನ ಪರಾಗಸ್ಪರ್ಶ ಮಾಡುವವು ನೊಣಗಳು ಮತ್ತು ಜೇನುಗಳು. ಬೆಳಿಗ್ಗೆ ಹತ್ತು ಗಂಟೆಗೆ ಮರದಡಿ ನಿಂತರೆ ಅವುಗಳ ಝೇಂಕಾರ ಕಿವಿಗೆ ಬೀಳುತ್ತದೆ, ನಾವು ಅಸಹ್ಯಪಡುವ ನೊಣವೇ ಅಲ್ಲಿ ಹೆಚ್ಚು ದುಡಿಯುತ್ತಿರುತ್ತದೆ. ಮುಂದಿನ ವರ್ಷಕ್ಕೆ, ಮಳೆಗಾಲ ಮುಗಿದ ಮೇಲೆ, ಮರದ ನಡುವೆ ಗಾಳಿ ಬೆಳಕು ಆಡುವಂತೆ ಒಳಗಿನ ಒಣ ಕೊಂಬೆಗಳನ್ನು ತೆಗೆಸಿ. ಜಿಗಿಹುಳುವಿಗೆ ಕತ್ತಲೆಯೇ ಆಸರೆ.

ನೀರಿನ ಬಗ್ಗೆ ಸ್ವಂತ ಅನುಭವದ ಒಂದು ಮಾತು. ಒಂದು ವರ್ಷ ನನ್ನ ಮನೆಯ ಮಾವು ಬಾಡಿದಂತೆ ಕಂಡಿತೆಂದು ಮರುಕಪಟ್ಟು ಡಿಸೆಂಬರ್ ಪೂರ್ತಿ ಬುಡಕ್ಕೆ ನೀರು ಬಿಟ್ಟೆ. ಜನವರಿಯಲ್ಲಿ ಊರಿನ ಮರಗಳೆಲ್ಲ ಹೂವಿನಲ್ಲಿದ್ದಾಗ ನನ್ನ ಮರ ತೊಟ್ಟಿಲ ಕೂಸಿನಂಥ ಎಳೆ ಎಲೆ ಬಿಟ್ಟುಕೊಂಡು ನಿಂತಿತ್ತು. ಹೂವಿಗೆ ಮೊದಲಿನ ಎರಡು ತಿಂಗಳು ಮಾವಿಗೆ ಬಾಯಾರಿಕೆ ಬೇಕು. ನೀವು ಕಾಯಿ ಕಚ್ಚಿದ ಮೇಲೆ ನೀರು ಕೊಡಲು ಆರಂಭಿಸಿ.

ಪ್ರಶ್ನೆ: 2026ರಲ್ಲಿ ಯುಗಾದಿಗೆ ನಮ್ಮ ಬೇವಿನ ಮರದಲ್ಲಿ ಹೂವು ಸಿಗಲಿಲ್ಲ. ಹವಾಮಾನ ಕೆಟ್ಟಿದೆ ಎನ್ನಬಹುದೇ? – ಓದುಗರು, ಚಿತ್ರದುರ್ಗ

ಉತ್ತರ: ಈ ಒಂದು ವಿಷಯದಲ್ಲಿ ಪಂಚಾಂಗವನ್ನೇ ಮೊದಲು ನೋಡಬೇಕು. ಚಾಂದ್ರಮಾನದ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹೀಗಾಗಿ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಂತು. ಅದೇ ವರ್ಷ ಅಧಿಕ ಜ್ಯೇಷ್ಠ ಸೇರುವುದರಿಂದ 2027ರಲ್ಲಿ ಮತ್ತೆ ಏಪ್ರಿಲ್‌ಗೆ ಜಿಗಿಯುತ್ತದೆ. ಬೇವಿನ ಮರ ನೋಡುವುದು ಸೂರ್ಯನನ್ನು, ಚಂದ್ರನನ್ನಲ್ಲ. ಸೌರಮಾನದ ಯುಗಾದಿಯಾದ ಬಿಸು ಆಚರಿಸುವ ಕರಾವಳಿಯವರಿಗೆ ಏಪ್ರಿಲ್ ನಡುವಿನ ದಿನಾಂಕ ಬಹುಮಟ್ಟಿಗೆ ಕದಲುವುದಿಲ್ಲವಾದ್ದರಿಂದ ಈ ತಾಪತ್ರಯವಿಲ್ಲ. ಹೂವು ಹೇರಳವಾಗಿ ಬಂದ ವರ್ಷ ಮರದಡಿ ಹಳೆಯ ಪಂಚೆ ಹಾಸಿ, ಉದುರಿದ್ದನ್ನು ನೆರಳಿನಲ್ಲಿ ಒಣಗಿಸಿ ಡಬ್ಬಿಯಲ್ಲಿಡಿ. ಯುಗಾದಿ ಬೇಗ ಬಂದ ವರ್ಷ ಬೇವು ಬೆಲ್ಲಕ್ಕಾಗುತ್ತದೆ, ಮಿಕ್ಕ ದಿನಗಳಲ್ಲಿ ತುಪ್ಪದಲ್ಲಿ ಹುರಿದು ತಂಬುಳಿಗಾಗುತ್ತದೆ.

ಪ್ರಶ್ನೆ: ನಸುಕಿನ ನಾಲ್ಕಕ್ಕೇ ಕೋಗಿಲೆ ಕೂಗಿ ಎಬ್ಬಿಸುತ್ತದೆ. ಓಡಿಸುವ ಉಪಾಯವಿದೆಯೇ? – ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಕೂಗುತ್ತಿರುವುದು ಗಂಡು, ಹತ್ತಿರದಲ್ಲೆಲ್ಲೋ ಕಾಗೆಯ ಗೂಡಿದೆ.

ಪ್ರಶ್ನೆ: ಬಾಲ್ಕನಿಯ ದಾಸವಾಳದ ರೆಂಬೆಯಲ್ಲಿ ಸೂರಕ್ಕಿ ಗೂಡು ಕಟ್ಟಿದೆ. ಗಿಡವನ್ನು ಸವರುವ ಕಾಲ ಮೀರುತ್ತಿದೆ, ಏನು ಮಾಡಲಿ? – ಓದುಗರು, ಧಾರವಾಡ

ಉತ್ತರ: ಮೀರಲಿ ಬಿಡಿ. ಆ ಗೂಡನ್ನು ಮುಟ್ಟದೆ, ಎರಡು ಮೊಳ ದೂರದಿಂದ ನೋಡಿ: ಜೇಡರ ಬಲೆಯ ಎಳೆಯಿಂದ ಹೆಣೆದ ಜೋತುಚೀಲ, ಹೊರಗೆ ಮರದ ತೊಗಟೆಯ ಚೂರು, ಒಣ ಎಲೆ, ಕಂಬಳಿಹುಳುವಿನ ಹಿಕ್ಕೆ, ಗಾಳಿಗೆ ಸಿಕ್ಕಿಕೊಂಡ ಕಸವೆಂದೇ ಯಾರಾದರೂ ತಿಳಿಯಬೇಕು. ಪಕ್ಕದಲ್ಲಿ ದುಂಡನೆಯ ಬಾಗಿಲು, ಅದರ ಮೇಲೊಂದು ಪುಟ್ಟ ಸೂರು. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವಿಗೆ ಸುಮಾರು ಎರಡು ವಾರ, ಮರಿಗಳು ಹಾರಲು ಇನ್ನೂ ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ ಕುಂಡವನ್ನು ತಿರುಗಿಸಬೇಡಿ, ಬಟ್ಟೆ ಒಣಗಿಸುವ ತಂತಿಯನ್ನು ಆ ಬದಿಗೆ ಎಳೆಯಬೇಡಿ. ನೀರನ್ನು ಪೈಪಿನಲ್ಲಿ ಚಿಮ್ಮಿಸದೆ ಬುಡಕ್ಕೆ ಚೊಂಬಿನಲ್ಲಿ ಹೊಯ್ಯಿರಿ. ದಾಸವಾಳ ವರ್ಷದ ಯಾವ ತಿಂಗಳಿನಲ್ಲಿ ಸವರಿದರೂ ಮತ್ತೆ ಚಿಗುರುವ ಗಟ್ಟಿ ಗಿಡ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ವಾರ ಸವರಿದರೆ ಸಾಕು.