ಎಲೆಕ್ಟ್ರಾನಿಕ್ ಡ್ರಮ್ ಕಂಪ್ಯೂಟರ್‌ಗೆ ಜೋಡಿಸಿದರೂ ಶಬ್ದ ಬರುತ್ತಿಲ್ಲ, ಏನು ಮಾಡಬೇಕು?

ಕೇಬಲ್ ಸರಿಯಿದ್ದರೂ ಹೀಗಾಗುತ್ತದೆ. ಅಲೆಸಿಸ್ ನೈಟ್ರೊದಂಥ ಕಿಟ್‌ಗಳು ಯುಎಸ್‌ಬಿ ಮೂಲಕ ಶಬ್ದ ಕಳಿಸುವುದೇ ಇಲ್ಲ. ಯಾವ ಪ್ಯಾಡ್‌ಗೆ ಎಷ್ಟು ಜೋರಾಗಿ ಹೊಡೆದಿರಿ ಎಂಬ ಮಿಡಿ ಸಂಕೇತ ಮಾತ್ರ ಹೋಗುತ್ತದೆ. ಶಬ್ದ ಹುಟ್ಟಿಸಲು ಕಂಪ್ಯೂಟರ್‌ನಲ್ಲಿ ಡ್ರಮ್ ಸಾಫ್ಟ್‌ವೇರ್ ಬೇಕು.

ಮಾಡ್ಯೂಲ್‌ನ (ಪ್ಯಾಡ್‌ಗಳ ವೈರ್‌ಗಳೆಲ್ಲ ಸೇರುವ ಪೆಟ್ಟಿಗೆ) ಚೌಕಾಕಾರದ ಪೋರ್ಟ್‌ಗೆ ಪ್ರಿಂಟರ್‌ಗೆ ಬಳಸುವ ಯುಎಸ್‌ಬಿ ಕೇಬಲ್ ಸಾಕು. ಮಾಡ್ಯೂಲ್ ಆನ್ ಮಾಡಿದ ಮೇಲೆ ಸಾಫ್ಟ್‌ವೇರ್ ತೆರೆಯಿರಿ, ಸೆಟ್ಟಿಂಗ್ಸ್‌ನಲ್ಲಿ ಮಿಡಿ ಇನ್‌ಪುಟ್ ಆಗಿ ಕಿಟ್ ಆರಿಸಿ. ಹೆಡ್‌ಫೋನ್ ಈಗ ಕಂಪ್ಯೂಟರ್‌ಗೆ ಹಾಕಬೇಕು, ಮಾಡ್ಯೂಲ್‌ಗಲ್ಲ.

ಹೊಡೆತಕ್ಕೂ ಶಬ್ದಕ್ಕೂ ನಡುವೆ ಅಂತರ ಬಂದರೆ ನುಡಿಸುವುದೇ ಕಷ್ಟ, ಇದನ್ನು ಖಂಡಿತ ಸರಿಪಡಿಸಿಕೊಳ್ಳಿ. ವಿಂಡೋಸ್‌ನಲ್ಲಿ ತಡ ಕಡಿಮೆ ಮಾಡುವ ಆಸಿಯೊ ಡ್ರೈವರ್ ಆರಿಸಿ (ಆಡಿಯೊ ಇಂಟರ್‌ಫೇಸ್, ಅಂದರೆ ಹೊರಗೆ ಜೋಡಿಸುವ ಸೌಂಡ್ ಸಾಧನ ಇಲ್ಲದಿದ್ದರೆ ಉಚಿತವಾದ ಆಸಿಯೊ4ಆಲ್), ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಕಳಿಸುವ ಶಬ್ದದ ತುಣುಕಿನ ಗಾತ್ರ, 128ಕ್ಕೆ ಇಳಿಸಿ. 44,100 ಹರ್ಟ್ಸ್‌ನಲ್ಲಿ 1024 ಬಫರ್ ಒಂದೇ ಸುಮಾರು 23 ಮಿಲಿಸೆಕೆಂಡ್ ತಡ ಮಾಡುತ್ತದೆ, 128 ಮೂರಕ್ಕಿಂತ ಕಡಿಮೆ. ಚಿಟಪಟ ಸದ್ದು ಕೇಳಿಸಿದರೆ 256ಕ್ಕೆ ಏರಿಸಿ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ.

ಸ್ನೇರ್ ಹೊಡೆದರೆ ಟಾಮ್ ಕೇಳಿಸುತ್ತದೆಯೇ? ಪ್ಯಾಡ್ ಕಳಿಸುವ ಮಿಡಿ ನೋಟ್ ಸಂಖ್ಯೆ ಸಾಫ್ಟ್‌ವೇರ್‌ನ ಸಂಖ್ಯೆಗೆ ಹೊಂದುತ್ತಿಲ್ಲ. ಸಾಮಾನ್ಯವಾಗಿ ಕಿಕ್ 36, ಸ್ನೇರ್ 38. ಸಾಫ್ಟ್‌ವೇರ್‌ನಲ್ಲಿ ನಿಮ್ಮ ಕಿಟ್‌ನ ಮ್ಯಾಪ್ (ಯಾವ ಸಂಖ್ಯೆಗೆ ಯಾವ ಡ್ರಮ್ ಎಂಬ ಪಟ್ಟಿ) ಆರಿಸಿದರೆ ಸರಿಹೋಗುತ್ತದೆ.