ಓದುಗರ ಪ್ರಶ್ನೆ: ನೀರಿನ ಸ್ಟ್ಯಾಂಡು, ಹಾಸನಾಂಬೆಯ ಸಾಲು, ಬೆಟ್ಟದ ಕಸ

ಪ್ರಶ್ನೆ: ಊರಿನ ಜಾತ್ರೆಯಲ್ಲಿ ನಮ್ಮ ದಳದ ಮಕ್ಕಳು ಬೆಳಿಗ್ಗೆ ಬಿದಿರಿನ ಸ್ಟ್ಯಾಂಡು ಕಟ್ಟಿ, ಕುಡಿಯುವ ನೀರಿನ ಎರಡು ಕ್ಯಾನ್ ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಪಕ್ಕಕ್ಕೆ ವಾಲಿ ಬಿತ್ತು. ಗಂಟು ಯಾವುದೂ ಬಿಚ್ಚಿರಲಿಲ್ಲ. ತಪ್ಪಿದ್ದೆಲ್ಲಿ?
– ಸ್ಕೌಟ್ ಮಾಸ್ಟರ್, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಗಂಟು ಬಿಚ್ಚದೆ ವಾಲಿದೆ ಅಂದರೆ ಮೊದಲು ಚೌಕಟ್ಟನ್ನು ನೋಡಬೇಕು, ಮೇಷ್ಟ್ರೇ. 20 ಲೀಟರಿನ ಎರಡು ಕ್ಯಾನ್ ತುಂಬಿಟ್ಟರೆ 40 ಕೆ.ಜಿ. ಭಾರ ತಲೆಯ ಮೇಲೆ. ನಾಲ್ಕು ಕಾಲು, ನಾಲ್ಕು ಅಡ್ಡ ಬೊಂಬು ಮಾತ್ರ ಇದ್ದರೆ ಜನ ಒರಗಿದ ಕಡೆಗೆ ಚೌಕ ಓರೆಯಾಗುತ್ತದೆ. ತ್ರಿಕೋನ ಹಾಗಾಗುವುದಿಲ್ಲ. ನಲ್ಲಿ ಇರುವ ಮುಂದಿನ ಬದಿ ಬಿಟ್ಟು ಉಳಿದ ಮೂರೂ ಬದಿಗೆ ಮೂಲೆಯಿಂದ ಮೂಲೆಗೆ ಓರೆ ಬೊಂಬು ಕೊಡಿ.

ಎರಡನೆಯದು ಹಗ್ಗ. ಬೆಳಗಿನ ಇಬ್ಬನಿಯಲ್ಲಿ ನೆನೆದ ನಾರಿನ ಹಗ್ಗ ಮೊಟಕಾಗಿರುತ್ತದೆ. ಬಿಸಿಲಿಗೆ ಒಣಗಿದ ಮೇಲೆ ಸಡಿಲ ಬಿಡುತ್ತದೆ. ಗಂಟು ಹಾಗೇ ಇರುತ್ತದೆ, ಹಿಡಿತ ಹೋಗಿರುತ್ತದೆ. ಒಣ ಹಗ್ಗದಲ್ಲೇ ಕಟ್ಟಿಸಿ. ನೈಲಾನ್ ಹಗ್ಗ ಬಿದಿರಿನ ನುಣುಪಿನ ಮೇಲೆ ಜಾರುತ್ತದೆ, ಈ ಕೆಲಸಕ್ಕೆ ಬೇಡ. ಹಸಿ ಬಿದಿರಾದರೆ ಒಣಗುತ್ತಾ ಸಣ್ಣಗಾಗುತ್ತದೆ, ಜಾತ್ರೆ ನಡೆಯುವಷ್ಟು ದಿನವೂ ಬೆಳಿಗ್ಗೆ ಬಿಗಿ ನೋಡಲೇಬೇಕು.

ಸ್ಕ್ವೇರ್ ಲ್ಯಾಷಿಂಗ್ (ಅಡ್ಡ ಬೊಂಬನ್ನು ಕಾಲಿಗೆ ಹಗ್ಗದಿಂದ ಬಿಗಿಯುವ ಕಟ್ಟು) ಮಾಡುವಾಗ ಅಡ್ಡ ಬೊಂಬಿನ ಕೆಳಗೆ, ಕಾಲಿಗೆ ಕ್ಲೋವ್ ಹಿಚ್ (ಹಗ್ಗವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಎರಡನೇ ಸುತ್ತಿನಡಿ ತೂರಿಸುವ ಗಂಟು) ಹಾಕಿ ಶುರು ಮಾಡಿಸಿ. ಎರಡೂ ಬೊಂಬನ್ನು ಸೇರಿಸಿ ಮೂರು ಸುತ್ತು. ಆಮೇಲೆ ಎರಡು ಬೊಂಬಿನ ನಡುವೆ ಹಗ್ಗದ ಮೇಲೆಯೇ ಎರಡು ಅಥವಾ ಮೂರು ಬಿಗಿ ಸುತ್ತು. ಅಡ್ಡ ಬೊಂಬಿಗೆ ಕ್ಲೋವ್ ಹಿಚ್ ಹಾಕಿ ಮುಗಿಸಿ. ಮಕ್ಕಳು ಸೋಲುವುದು ಈ ಬಿಗಿ ಸುತ್ತಿನಲ್ಲಿ. ಕೈ ಸೋತಿರುತ್ತದೆ, ಸುಮ್ಮನೆ ಸುತ್ತಿಬಿಡುತ್ತಾರೆ. ಹಗ್ಗದ ತುದಿಯನ್ನು ಒಂದು ಗೇಣುದ್ದದ ಕೋಲಿಗೆ ಸುತ್ತಿಕೊಂಡು ಒಂದೊಂದು ಸುತ್ತಿಗೂ ಜಗ್ಗಲು ಹೇಳಿ.

ಇನ್ನೂ ಒಂದು ಕಾರಣವಿದೆ, ಮಧ್ಯಾಹ್ನ ಬಿದ್ದದ್ದರಿಂದ ಅದೇ ಮುಖ್ಯ ಇರಬಹುದು. ನಲ್ಲಿಯಿಂದ ಚೆಲ್ಲಿದ ನೀರು ಮುಂದಿನ ಎರಡು ಕಾಲಿನ ಬುಡಕ್ಕೇ ಇಳಿಯುತ್ತದೆ, ಮಣ್ಣು ಕೆಸರಾಗಿ ಕಾಲು ಹೂತುಕೊಳ್ಳುತ್ತದೆ. ನಾಲ್ಕೂ ಕಾಲನ್ನು ಗೇಣು ಆಳ ಹೂಳಿ, ಸುತ್ತ ಜಲ್ಲಿ ತುಂಬಿ ಗುದ್ದಿ. ನಲ್ಲಿಯ ಕೆಳಗೆ ಬಕೆಟ್ ಇಡಿ. ಕ್ಯಾನ್ ಏರಿಸುವ ಮೊದಲು ಇಬ್ಬರು ಹುಡುಗರು ಸ್ಟ್ಯಾಂಡನ್ನು ಹಿಡಿದು ಜೋರಾಗಿ ಅಲುಗಾಡಿಸಿ ನೋಡಲಿ. ಕಿರುಗುಟ್ಟಿದ ಮೂಲೆಯನ್ನು ಬಿಚ್ಚಿ ಮತ್ತೆ ಕಟ್ಟಿಸಿ.

ಪ್ರಶ್ನೆ: ಹಾಸನಾಂಬ ದರ್ಶನದ ಸಮಯದಲ್ಲಿ ಸಾಲಿನಲ್ಲಿ ಸೇವೆಗೆ ನನ್ನ ಮಗನ ದಳ ಹೋಗುತ್ತದಂತೆ. ಅವನು 7ನೇ ತರಗತಿ. ಕಳಿಸಬಹುದೇ?
– ಒಬ್ಬ ತಾಯಿ, ಹಾಸನ

ಉತ್ತರ: ಕೆಲಸ ಯಾವುದೆಂದು ಕೇಳಿ ತಿಳಿದುಕೊಂಡು ಕಳಿಸಿ ತಾಯಿ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆರೆದರೆ ದೀಪಾವಳಿ ಮುಗಿಯುವವರೆಗಷ್ಟೇ ದರ್ಶನ. ವರ್ಷದ ಜನವೆಲ್ಲ ಆ ಕೆಲವೇ ದಿನ ಸೇರುತ್ತಾರೆ. ಹಗ್ಗ ಹಿಡಿದು ಜನರನ್ನು ತಡೆಯುವುದು, ಬ್ಯಾರಿಕೇಡ್ ಕಾಯುವುದು ಪೊಲೀಸರ ಕೆಲಸ. ಅದನ್ನು ಮಕ್ಕಳಿಗೆ ಕೊಡುತ್ತಾರೆಂದರೆ ಬೇಡವೆನ್ನಿ. ನೀರು ಕೊಡುವುದು, ಹಿರಿಯರಿಗೆ ದಾರಿ ತೋರಿಸುವುದು ಆ ವಯಸ್ಸಿಗೆ ತಕ್ಕದ್ದು. ಒಂದು ಪಾಳಿ ಎರಡು ಗಂಟೆ ಸಾಕು. ಇಬ್ಬಿಬ್ಬರು ಜೋಡಿಯಾಗಿರಬೇಕು, ಕಣ್ಣಳತೆಯಲ್ಲಿ ಒಬ್ಬ ಮಾಸ್ಟರ್ ಇರಬೇಕು.

ನೀರನ್ನು ಒಂದೇ ಕಡೆ ಮೇಜು ಹಾಕಿ ಕೊಡಬಾರದು. ಅಲ್ಲಿ ಸಾಲು ನಿಂತುಬಿಡುತ್ತದೆ, ಹಿಂದಿನವರು ನೂಕುತ್ತಾರೆ. ಜಗ್ಗು, ಲೋಟ ಹಿಡಿದು ಬ್ಯಾರಿಕೇಡ್‌ನ ಹೊರಗೆ ಸಾಲಿನುದ್ದಕ್ಕೂ ಮಕ್ಕಳೇ ನಡೆಯಬೇಕು. 200 ಮಿ.ಲೀ. ಲೋಟವಾದರೆ ಒಂದು ಕ್ಯಾನಿಗೆ 100 ಜನ. ಆ ಲೆಕ್ಕದಲ್ಲಿ ಕ್ಯಾನ್ ತರಿಸಿಡಬೇಕು.

ಯಾರಾದರೂ ತಲೆ ಸುತ್ತಿ ಬಿದ್ದರೆ ಒಬ್ಬ ಅಲ್ಲೇ ಇದ್ದು, ಇನ್ನೊಬ್ಬ ಆರೋಗ್ಯ ಸಿಬ್ಬಂದಿಯನ್ನು ಕರೆಯಲು ಓಡಬೇಕು. ಮಲಗಿಸಿ, ಕಾಲನ್ನು ಒಂದಡಿಯಷ್ಟು ಎತ್ತಿ ಹಿಡಿಯುವುದು, ಗಾಳಿಗೆ ಜಾಗ ಬಿಡಿಸುವುದು. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬಾರದು, ಶ್ವಾಸಕ್ಕೆ ಹೋಗುತ್ತದೆ. ಸುತ್ತಲಿನವರು ‘ನೀರು ಹಾಕಪ್ಪ’ ಅಂತ ಒತ್ತಾಯ ಮಾಡೇ ಮಾಡುತ್ತಾರೆ. ‘ಎದ್ದು ಕೂರಲಿ ಅಜ್ಜಿ, ಆಮೇಲೆ ಕೊಡ್ತೀವಿ’ ಎಂದು ಹೇಳುವ ಅಭ್ಯಾಸವನ್ನು ಮನೆಯಲ್ಲೇ ಮಾಡಿಸಿ.

ಪ್ರಶ್ನೆ: ಮುಳ್ಳಯ್ಯನಗಿರಿ ಸ್ವಚ್ಛತೆ ಮಾಡಿದೆವು. ಲಾಗ್ ಪುಸ್ತಕಕ್ಕೆ ಫೋಟೊ ಅಂಟಿಸಿದರೆ ಸಾಕೇ?
– 8ನೇ ತರಗತಿಯ ಸ್ಕೌಟ್, ಚಿಕ್ಕಮಗಳೂರು

ಉತ್ತರ: ಸಾಲದು ಮಗೂ. ಚೀಲ ಹಿಡಿದು ನಿಂತ ಫೋಟೊ ನೋಡಿದರೆ ಕಸ ಆಮೇಲೆ ಎಲ್ಲಿಗೆ ಹೋಯಿತು ಅನ್ನುವುದು ಗೊತ್ತಾಗುವುದಿಲ್ಲ. ತಾರೀಖು, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಷ್ಟು ಜನ, ದಾರಿಯ ಯಾವ ತಿರುವಿನಿಂದ ಯಾವ ತಿರುವಿನವರೆಗೆ, ಎಷ್ಟು ಕೆ.ಜಿ., ಯಾರಿಗೆ ಒಪ್ಪಿಸಿದಿರಿ ಎಂದು ಬರೆ. ಬಾಟಲಿ, ತಿಂಡಿ ಪೊಟ್ಟಣ, ಗಾಜು ಬೇರೆ ಬೇರೆ ತೂಗಿ ಬರೆ. ನೆನೆದ ಕಸ ಸುಳ್ಳು ತೂಕ ತೋರಿಸುತ್ತದೆ, ನೀರು ಬಸಿದು ತೂಗು.

ಮುಂದಿನ ಸಲ ಹೊರಡುವ ಮೊದಲೇ ಕಸ ತೆಗೆದುಕೊಳ್ಳುವವರು ಯಾರೆಂದು ನಿಮ್ಮ ಸರ್ ಗ್ರಾಮ ಪಂಚಾಯ್ತಿಯಲ್ಲಿ ಕೇಳಿರಲಿ. ಅರಣ್ಯ ಇಲಾಖೆಯ ಅನುಮತಿಯನ್ನೂ ಪಡೆದಿರಲಿ. ಇಲ್ಲದಿದ್ದರೆ ಮೂಟೆಗಳು ಬೆಟ್ಟದ ಬುಡದಲ್ಲೇ ಉಳಿದು, ನಾಯಿ ಹರಿದು, ಕಸ ಮತ್ತೆ ಹರಡುತ್ತದೆ. ಸುಡುವ ಮಾತಂತೂ ಬೇಡವೇ ಬೇಡ. ಗಾಜನ್ನು ಚೀಲಕ್ಕೆ ಹಾಕಬೇಡಿ, ಹೊರುವವನ ಬೆನ್ನು ಕುಯ್ಯುತ್ತದೆ, ಬಕೆಟ್ ಒಯ್ಯಿರಿ. 1,930 ಮೀಟರ್ ಎತ್ತರದಲ್ಲಿ ಗಾಳಿ ಖಾಲಿ ಚೀಲವನ್ನು ಕಿತ್ತುಕೊಂಡು ಹೋಗುತ್ತದೆ, ಒಬ್ಬ ಚೀಲದ ಬಾಯಿ ಹಿಡಿದಿರಲೇಬೇಕು. ಇಳಿಜಾರಿಗೆ ಬಿದ್ದ ಬಾಟಲಿ ಎಷ್ಟೇ ಹತ್ತಿರ ಕಂಡರೂ ದಾರಿ ಬಿಟ್ಟು ಇಳಿಯಬೇಡ.

ಮಳೆಗಾಲದಲ್ಲಿ ಇಂಬಳ ಕಚ್ಚಿದರೆ ಕೀಳಬೇಡ. ಬಾಯಿ ಇರುವ ಸಣ್ಣ ತುದಿಯ ಕೆಳಗೆ ಉಗುರು ಸರಿಸಿ ಬಿಡಿಸು, ಸೋಪಿನಲ್ಲಿ ತೊಳೆದು ಹತ್ತಿ ಒತ್ತಿ ಹಿಡಿ. ರಕ್ತ ಹೆಪ್ಪುಗಟ್ಟದಂಥ ರಸವನ್ನು ಅದು ಬಿಟ್ಟಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ರಕ್ತ ಬರುತ್ತಲೇ ಇರುತ್ತದೆ. ಹೆದರಬೇಡ.